ಶುದ್ಧಾಹಾರವೂ ಕರುಳಿನ ಆರೋಗ್ಯವೂ: ಜೈನ ವೈದ್ಯಪರಂಪರೆಯಿಂದ ಇಂದಿನ ತಪಾಸಣೆಯವರೆಗೆ

ಕನ್ನಡ ನಾಡಿನ ವೈದ್ಯಸಾಹಿತ್ಯಕ್ಕೆ ಜೈನರು ಸಲ್ಲಿಸಿದ ಕಾಣಿಕೆ ಸಾಮಾನ್ಯವಾದುದಲ್ಲ. ದ್ವಾದಶಾಂಗದ ಪೂರ್ವಗಳಲ್ಲಿ ಹನ್ನೆರಡನೆಯದಾದ 'ಪ್ರಾಣಾವಾಯ'ವೇ ವೈದ್ಯಶಾಸ್ತ್ರಕ್ಕೆ ಮೂಲವೆಂಬುದು ಪರಂಪರೆಯ ನಂಬಿಕೆ. ಆ ಮೂಲವನ್ನೇ ಹೇಳಿಕೊಂಡು ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಕ್ಕೆ ತಂದನು. ಕೀರ್ತಿವರ್ಮನ 'ಗೋವೈದ್ಯ'ವು ಪಶುಗಳ ಚಿಕಿತ್ಸೆಗೂ, ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷಚಿಕಿತ್ಸೆಗೂ ಮೀಸಲಾದವು.

ಇವುಗಳಲ್ಲಿ ಉಗ್ರಾದಿತ್ಯರ ಕೃತಿಗೆ ವಿಶೇಷ ಸ್ಥಾನವಿದೆ. ಮದ್ಯ, ಮಾಂಸ, ಮಧುಗಳನ್ನು ಬಳಸದೆಯೂ ಚಿಕಿತ್ಸೆ ಸಾಧ್ಯವೆಂಬುದನ್ನು ಶಾಸ್ತ್ರರೂಪದಲ್ಲಿ ನಿಲ್ಲಿಸಿದ ಗ್ರಂಥವದು. ಅದರ ಕೊನೆಯ 'ಹಿತಾಹಿತಾಧ್ಯಾಯ'ವು ಮಾಂಸಭಕ್ಷಣೆಯನ್ನು ಖಂಡಿಸಿ ನೃಪತುಂಗನ ಸಭೆಯಲ್ಲಿ ಮಾಡಿದ ಪ್ರತಿಪಾದನೆಯೆಂದು ಗ್ರಂಥವೇ ಹೇಳುತ್ತದೆ. ಆ ನೃಪತುಂಗನು ರಾಷ್ಟ್ರಕೂಟ ಅಮೋಘವರ್ಷನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಸೊಲ್ಲಾಪುರದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ಹಿಂದೀ ಅನುವಾದದೊಡನೆ ಈ ಗ್ರಂಥವನ್ನು ಬೆಳಕಿಗೆ ತಂದರು.

ಇಲ್ಲಿ ಒಂದು ಎಚ್ಚರ ಅವಶ್ಯ. ದೊಡ್ಡ ಕರುಳಿನ ಕ್ಯಾನ್ಸರನ್ನು ಇಂದು ಅರಿತಂತೆ ಆ ಆಚಾರ್ಯರು ಅರಿತಿದ್ದರೆಂದು ಹೇಳುವುದು ಇತಿಹಾಸವೂ ಅಲ್ಲ, ಸತ್ಯವ್ರತಕ್ಕೆ ಹೊಂದುವ ಮಾತೂ ಅಲ್ಲ. ಜೈನರು ಮಾಂಸವನ್ನು ತೊರೆದದ್ದು ಜೀವದಯೆಗಾಗಿ. ದೇಹಾರೋಗ್ಯವು ಅದರ ಜೊತೆಗೆ ಬಂದ ಫಲ. ಆ ಫಲವೆಷ್ಟು, ಅದರ ಮಿತಿಯೆಷ್ಟು ಎಂಬುದನ್ನು ತೂಗಿ ನೋಡಿದ್ದು ಕಳೆದ ಐವತ್ತು ಅರವತ್ತು ವರ್ಷಗಳ ವೈದ್ಯವಿಜ್ಞಾನ.

ಆಫ್ರಿಕದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅಲ್ಲಿಯ ಹಳ್ಳಿಗರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪರೂಪವಾಗಿರುವುದನ್ನು ಗಮನಿಸಿದರು. ಕಾಳು, ಸೊಪ್ಪು, ಸಿಪ್ಪೆ ತೆಗೆಯದ ಧಾನ್ಯಗಳಲ್ಲಿರುವ ನಾರಿನ ಅಂಶವೇ ಇದಕ್ಕೆ ಕಾರಣವಿರಬೇಕೆಂದು 1971ರ ಲೇಖನದಲ್ಲಿ ವಾದಿಸಿದರು. ನಾರು ಮಲದ ಗಾತ್ರವನ್ನು ಹೆಚ್ಚಿಸಿ ಅದು ಬೇಗ ಮುಂದೆ ಸಾಗುವಂತೆ ಮಾಡುತ್ತದೆ. ಕರುಳಿನ ಸೂಕ್ಷ್ಮಾಣುಗಳು ಅದನ್ನು ಹುಳಿಸಿದಾಗ ಹುಟ್ಟುವ ಆಮ್ಲಗಳು ಕರುಳಿನ ಒಳಪೊರೆಗೆ ಪೋಷಣೆಯಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಮತ್ತು 400 ಗ್ರಾಂ ಹಣ್ಣು ತರಕಾರಿಗಳನ್ನು ವಿಧಿಸಿತು. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯಪಾನವು ಕರುಳಿನ ಕ್ಯಾನ್ಸರಿಗೆ ಕಾರಣವೆಂದು 2007ರಲ್ಲಿಯೂ, ಸಂಸ್ಕರಿಸಿದ ಮಾಂಸವು ಖಚಿತವಾದ ಕಾರಣವೆಂದು 2015ರಲ್ಲಿಯೂ ತೀರ್ಮಾನಿಸಿತು. ದಿನಕ್ಕೆ 50 ಗ್ರಾಂ ಅಂತಹ ಮಾಂಸವನ್ನು ತಿನ್ನುವವರಲ್ಲಿ ಅಪಾಯವು ಸುಮಾರು ಶೇಕಡಾ 18ರಷ್ಟು ಹೆಚ್ಚುತ್ತದೆಂಬುದು ಅದರ ಲೆಕ್ಕ.

ಇಷ್ಟನ್ನು ಓದಿದ ಶ್ರಾವಕರಿಗೆ ಸಮಾಧಾನವಾಗುವುದು ಸಹಜ. ಆದರೆ ಅಪಾಯವಿರುವುದೂ ಈ ಸಮಾಧಾನದಲ್ಲಿಯೇ. ಅಮೆರಿಕದ ಅಡ್ವೆಂಟಿಸ್ಟ್ ಪಂಥದವರನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವು ಸಸ್ಯಾಹಾರಿಗಳಲ್ಲಿ ಈ ರೋಗ ಶೇಕಡಾ 22ರಷ್ಟು ಕಡಿಮೆಯೆಂದು ಕಂಡುಕೊಂಡಿತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಅಧ್ಯಯನದ 2009ರ ವರದಿಯಲ್ಲಾದರೋ ಸಸ್ಯಾಹಾರಿಗಳಲ್ಲಿ ಅದು ಕಡಿಮೆಯಾಗಿರಲಿಲ್ಲ, ತುಸು ಹೆಚ್ಚೇ ಇತ್ತು. ಎರಡನ್ನೂ ಒಟ್ಟಿಗೆ ನೋಡಿದರೆ ತಿಳಿಯುವುದಿಷ್ಟು: ಮಾಂಸವನ್ನು ಬಿಟ್ಟ ಮಾತ್ರಕ್ಕೆ ರಕ್ಷಣೆ ಪೂರ್ಣವಾಗುವುದಿಲ್ಲ, ಅದರ ಸ್ಥಾನದಲ್ಲಿ ಏನನ್ನು ಉಣ್ಣುತ್ತೇವೆ, ದೇಹವನ್ನು ಎಷ್ಟು ದುಡಿಸುತ್ತೇವೆ ಎಂಬುದೂ ಮುಖ್ಯ. ಇಷ್ಟೆಲ್ಲ ಸರಿಯಾಗಿದ್ದವರಿಗೂ ವಯಸ್ಸು ಮತ್ತು ವಂಶದ ಕಾರಣದಿಂದ ರೋಗ ಬರಬಹುದು.

ರಾಮದುರ್ಗ ತಾಲೂಕಿನ ಕಟಕೋಳ ಮತ್ತು ಅದರ ಸುತ್ತಣ ಸವದತ್ತಿ, ಬೈಲಹೊಂಗಲ, ಕಿತ್ತೂರು ಸೀಮೆಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಇದು ಪುರಾತನ ಜೈನಕ್ಷೇತ್ರ. ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದಾಗ ಅಲ್ಲಿಯ ಬಸದಿಗಳಿಗೆ ದತ್ತಿಗಳು ಸಂದವು. ರಟ್ಟರ ಮಂತ್ರಿ ಬೀಚಿರಾಜನು 1204ರ ಸುಮಾರಿಗೆ ಬೆಳಗಾವಿಯಲ್ಲಿ ಇಂದು ಕಮಲಬಸದಿ ಎನ್ನಲಾಗುವ ಜಿನಾಲಯವನ್ನು ಕಟ್ಟಿಸಿದನು. ಈ ನಾಡಿನ ಜೈನರಲ್ಲಿ ಹೆಚ್ಚಿನವರು ಒಕ್ಕಲುತನದವರು. ಜೋಳದ ರೊಟ್ಟಿ, ಹೆಸರು, ಮಡಿಕೆ, ಅಲಸಂದಿ ಕಾಳುಗಳ ಪಲ್ಯ, ಬದನೆ, ಹೀರೆ, ಸೌತೆ ಅವರ ನಿತ್ಯದ ಊಟ. ಕಂದಮೂಲಗಳನ್ನು ತೊರೆದವರಿಗೂ ಇಷ್ಟರಲ್ಲಿಯೇ ಬೇಕಾದ ನಾರು ದೊರೆಯುತ್ತದೆ. ಪರ್ವದಿನಗಳಲ್ಲಿ ಹಸಿರು ಪಲ್ಯಗಳನ್ನು ಬಿಡುವವರು ಇಡಿಯ ಕಾಳುಗಳಿಂದ ಆ ಕೊರತೆಯನ್ನು ತುಂಬಿಕೊಳ್ಳಬಹುದು. ಆದರೆ ರೊಟ್ಟಿಯ ಸ್ಥಾನಕ್ಕೆ ಮೈದಾ, ಬಿಳಿಯ ಅಕ್ಕಿ, ಕರಿದ ತಿನಿಸು, ಸಿಹಿಗಳು ಬಂದು, ಹೊಲದ ದುಡಿಮೆಯ ಸ್ಥಾನಕ್ಕೆ ಕುಳಿತ ಕೆಲಸ ಬಂದ ಮನೆಗಳಲ್ಲಿ ಊಟವು ಶುದ್ಧವಾಗಿದ್ದರೂ ಹಿತವಾಗಿ ಉಳಿದಿಲ್ಲ. ಬಾಹ್ಯತಪಸ್ಸುಗಳಲ್ಲಿ ಎರಡನೆಯದಾದ ಅವಮೌದರ್ಯ, ಎಂದರೆ ಹೊಟ್ಟೆ ಬಿರಿಯುವ ಮುನ್ನವೇ ಕೈತೊಳೆಯುವ ನಿಯಮ, ಇಂದು ಮುನಿಗಳಿಗಷ್ಟೇ ಅಲ್ಲದೆ ಗೃಹಸ್ಥರಿಗೂ ಹಿತವೇ. ಬೊಜ್ಜು ಈ ರೋಗದ ಕಾರಣಗಳಲ್ಲೊಂದು.

ಆಹಾರದಷ್ಟೇ ಮಹತ್ವದ್ದು ತಪಾಸಣೆ. ದೊಡ್ಡ ಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ 'ಪಾಲಿಪ್' ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಆ ಗಂಟು ಕ್ಯಾನ್ಸರಾಗಿ ಮಾರ್ಪಡಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಈ ಅವಧಿಯೇ ಮನುಷ್ಯನಿಗೆ ದೊರೆತ ಅವಕಾಶ. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಎಂಬ ವೈದ್ಯರು ಕೊಲೊನೊಸ್ಕೋಪಿಯ ನಳಿಕೆಯ ಮೂಲಕವೇ, ಹೊಟ್ಟೆಯನ್ನು ಕೊಯ್ಯದೆ, ಪಾಲಿಪನ್ನು ತೆಗೆಯುವ ಕ್ರಮವನ್ನು ರೂಢಿಗೆ ತಂದರು. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಈ ರೋಗದ ಮರಣಗಳು ಮೂರರಲ್ಲೊಂದು ಪಾಲು ತಗ್ಗುತ್ತವೆಂದು ಅಮೆರಿಕದ ಮಿನ್ನೆಸೋಟದಲ್ಲಿ ನಡೆದ ಅಧ್ಯಯನವು 1993ರಲ್ಲಿ ತೋರಿಸಿತು. ಇಂದಿನ 'ಫಿಟ್' ಪರೀಕ್ಷೆಯು ಮನುಷ್ಯರಕ್ತವನ್ನು ಮಾತ್ರ ಗುರುತಿಸುವುದರಿಂದ ಅದಕ್ಕೆ ಆಹಾರದ ಕಟ್ಟಳೆಯೂ ಬೇಡ.

ನಮ್ಮ ಸರಕಾರದ ಸಮುದಾಯ ತಪಾಸಣೆಯು 30 ವರ್ಷ ದಾಟಿದವರಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳನ್ನು ಒಳಗೊಂಡಿದೆ. ಕರುಳಿನದು ಅದರಲ್ಲಿ ಸೇರಿಲ್ಲ. ಆದುದರಿಂದ ಕುಟುಂಬಗಳೇ ಎಚ್ಚರವಹಿಸಬೇಕು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣವಿಲ್ಲದ ರಕ್ತಹೀನತೆ, ತೂಕದ ಇಳಿತ ಇವು ಕಂಡರೆ ವಯಸ್ಸನ್ನು ನೋಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಆಯುರ್ವೇದವು ಅಷ್ಟಮಹಾರೋಗಗಳಲ್ಲಿ ಎಣಿಸಿದ ಮೂಲವ್ಯಾಧಿ ಎಲ್ಲರಿಗೂ ಪರಿಚಿತವಾದುದರಿಂದ ರಕ್ತ ಕಂಡೊಡನೆ ಅದರ ಹೆಸರು ಹೇಳಿ ಮನೆಮದ್ದಿನಲ್ಲಿ ತಿಂಗಳುಗಳನ್ನು ಕಳೆಯುವವರು ಬಹಳ. ನಾಚಿಕೆಯೂ ಇದಕ್ಕೆ ಸೇರುತ್ತದೆ, ಹೆಣ್ಣುಮಕ್ಕಳಲ್ಲಿ ವಿಶೇಷವಾಗಿ. ತಂದೆತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಈ ರೋಗವಿದ್ದರೆ 40ನೆಯ ವಯಸ್ಸಿಗೆ, ಅಥವಾ ಅವರಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚಿತವೋ ಆಗ, ಕೊಲೊನೊಸ್ಕೋಪಿಯ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ರಾತ್ರಿಭೋಜನತ್ಯಾಗದ ವ್ರತವುಳ್ಳವರಿಗೆ ಈ ಪರೀಕ್ಷೆಯ ಸಿದ್ಧತೆಯು ಸಂಕೋಚಕ್ಕೆ ಕಾರಣವಾಗುವುದುಂಟು. ಕರುಳನ್ನು ಶುದ್ಧಿಗೊಳಿಸುವ ದ್ರವವನ್ನು ಸಾಮಾನ್ಯವಾಗಿ ಹಿಂದಿನ ಸಂಜೆ ಮತ್ತು ನಸುಕಿನಲ್ಲಿ ಕುಡಿಯಲು ಹೇಳುತ್ತಾರೆ. ವ್ರತವನ್ನು ಮೊದಲೇ ತಿಳಿಸಿದರೆ ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ಗೊತ್ತುಮಾಡಿ, ಸಿದ್ಧತೆಯನ್ನು ಸೂರ್ಯೋದಯದ ಅನಂತರ ಮುಗಿಸಲು ಸಾಧ್ಯವೇ ಎಂಬುದನ್ನು ವೈದ್ಯರು ನಿರ್ಧರಿಸಬಲ್ಲರು. ವ್ರತದ ನೆಪದಿಂದ ಪರೀಕ್ಷೆ ತಪ್ಪುವುದೂ, ಪರೀಕ್ಷೆಯ ಭಯದಿಂದ ವ್ರತ ಮುರಿಯುವುದೂ ಎರಡೂ ಅನಾವಶ್ಯಕ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಕನ್ನಡ ನಾಡಿನ ಶಾಸನಗಳು ಮತ್ತೆ ಮತ್ತೆ ಕೊಂಡಾಡಿವೆ. ಬೆಳಗಾವಿಯಲ್ಲಿ 1963ರಿಂದ ವೈದ್ಯಕೀಯ ಮಹಾವಿದ್ಯಾಲಯವಿದೆ. 2025ರ ಜನವರಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯೂ ಅಲ್ಲಿ ಉದ್ಘಾಟನೆಗೊಂಡಿತು. ಹಳ್ಳಿಗೂ ಆಸ್ಪತ್ರೆಗೂ ನಡುವಣ ದಾರಿಯನ್ನು ಹತ್ತಿರ ಮಾಡುವ ಕಾರ್ಯ ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಒಪ್ಪುವಂಥದು. ಪರ್ಯೂಷಣದ ದಿನಗಳಲ್ಲಿ ವೈದ್ಯರನ್ನು ಕರೆಸಿ ಒಂದು ಉಪನ್ಯಾಸ, ಬಡ ಕುಟುಂಬಗಳ ಮಲಪರೀಕ್ಷೆಯ ವೆಚ್ಚ, ರೋಗಿಯ ಜೊತೆ ಪಟ್ಟಣಕ್ಕೆ ಹೋಗುವ ಒಬ್ಬ ಸ್ವಯಂಸೇವಕ, ಇಷ್ಟಕ್ಕೆ ದೊಡ್ಡ ನಿಧಿ ಬೇಡ. ಉಗ್ರಾದಿತ್ಯರು ಅಹಿಂಸೆಯನ್ನು ಔಷಧದೊಳಗೆ ತಂದರು. ರೋಗ ಬಲಿಯುವ ಮುನ್ನವೇ ಅದನ್ನು ಕಂಡುಹಿಡಿಸಿ ಒಂದು ಜೀವವನ್ನುಳಿಸುವುದು ಅದೇ ಅಹಿಂಸೆಯ ಇಂದಿನ ರೂಪ.