ಕೂಲಿಂಗ್ ಗ್ಲಾಸ್‌ನಲ್ಲಿ ಮೊಬೈಲ್ ಪರದೆ ಕಪ್ಪಾದರೆ ಕಣ್ಣಿಗೆ ರಕ್ಷಣೆ ಇದೆ ಎಂದರ್ಥವೇ?

ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೊಬೈಲನ್ನು ನಿಧಾನವಾಗಿ ತಿರುಗಿಸಿ, ಪರದೆ ಕಪ್ಪಾದರೆ ಗ್ಲಾಸ್ ಅಸಲಿ, ಕಣ್ಣಿಗೆ ಪೂರ್ತಿ ರಕ್ಷಣೆ. ಇಂಥ ಮಾತು ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಪರದೆ ಕಪ್ಪಾಗುವುದು ನಿಜ. ಅದರಿಂದ ರಕ್ಷಣೆ ಇದೆ ಎನ್ನುವುದು ತಪ್ಪು. ಏಕೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ.

ಬೆಳಕು ಎಂದರೆ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಅಲೆ. ವಿದ್ಯುತ್ ಕ್ಷೇತ್ರಕ್ಕೆ ಪ್ರತಿ ಬಿಂದುವಿನಲ್ಲೂ ಒಂದು ಪ್ರಮಾಣ, ಒಂದು ದಿಕ್ಕು ಇರುತ್ತದೆ. ಬರೆದಿಡಲು ಮೂರು ಸಂಖ್ಯೆ ಬೇಕು: ಎಡ-ಬಲಕ್ಕೆ ಎಷ್ಟು, ಮೇಲೆ-ಕೆಳಗೆ ಎಷ್ಟು, ಹಿಂದೆ-ಮುಂದೆ ಎಷ್ಟು. ಹಾಗಾದರೆ ಬೆಳಕು ಮೂರು ಸ್ವತಂತ್ರ ರೀತಿಯಲ್ಲಿ ಕಂಪಿಸಬಹುದೇ? ಇಲ್ಲ, ಎರಡೇ.

ಮೂರನೆಯದು ಎಲ್ಲಿ ಹೋಯಿತು? ಸ್ಥಿರ ವಿದ್ಯುದಾವೇಶಗಳ ಕ್ಷೇತ್ರದ ಗೆರೆಗಳು ಹುಟ್ಟುವುದೂ ಮುಗಿಯುವುದೂ ಆವೇಶದ ಮೇಲೆಯೇ. ಅಲೆಯಲ್ಲೂ ಅಷ್ಟೇ, ಖಾಲಿ ಜಾಗದಲ್ಲಿ ಗೆರೆ ಹಠಾತ್ತನೆ ನಿಲ್ಲುವಂತಿಲ್ಲ. ಇದು ಗೌಸ್ ನಿಯಮ. ಈಗ ನಮ್ಮತ್ತ ನೇರವಾಗಿ ಬರುತ್ತಿರುವ ಅಗಲವಾದ ಅಲೆಯಲ್ಲಿ ಕ್ಷೇತ್ರ ಹಿಂದೆ-ಮುಂದೆ ಕಂಪಿಸುತ್ತಿದೆ ಎಂದುಕೊಳ್ಳಿ. ಒಂದು ಕಡೆ ಗೆರೆಗಳು ಮುಂದಕ್ಕೆ, ಅರ್ಧ ತರಂಗಾಂತರದ ಆಚೆ ಹಿಂದಕ್ಕೆ. ನಡುವೆ ಅವು ಎದುರುಬದುರಾಗಿ ಬಂದು ಮುಗಿಯಲೇಬೇಕು. ಆದರೆ ಅಲ್ಲಿ ಆವೇಶವೇ ಇಲ್ಲ! ಹಾಗಾಗಿ ಆ ಕಂಪನಕ್ಕೆ ಅವಕಾಶವಿಲ್ಲ. ಅಡ್ಡಕ್ಕೆ ಕಂಪಿಸಿದರೆ ಈ ತೊಡಕಿಲ್ಲ, ಗೆರೆಗಳು ಎಲ್ಲೂ ಮುಗಿಯದೆ ಪಕ್ಕಕ್ಕೆ ಸಾಗುತ್ತವೆ. (ಲೆನ್ಸಿನಿಂದ ಬಿಗಿಯಾಗಿ ಕೇಂದ್ರೀಕರಿಸಿದ ಲೇಸರಿನಲ್ಲಿ ಹಿಂದೆ-ಮುಂದಿನ ಭಾಗವೂ ಸ್ವಲ್ಪ ಇರುತ್ತದೆ. ಆದರೆ ಅದು ಎಷ್ಟಿರಬೇಕೆಂದು ಉಳಿದೆರಡು ಭಾಗಗಳೇ ನಿರ್ಧರಿಸುತ್ತವೆ, ಅದು ಸ್ವತಂತ್ರವಲ್ಲ.)

ಬೆಳಕಿನ ಕಂಪನ ಅಡ್ಡಡ್ಡವೇ ಎಂದು ಫ್ರಾನ್ಸಿನ ಫ್ರೆನೆಲ್ 1821ರಲ್ಲೇ ಹೇಳಿದ್ದ. ಮ್ಯಾಕ್ಸ್‌ವೆಲ್ ಬೆಳಕನ್ನು ವಿದ್ಯುತ್ಕಾಂತೀಯ ಅಲೆ ಎಂದು ತೋರಿಸಿದ್ದು 1860ರ ದಶಕದಲ್ಲಿ.

ಉಳಿದ ಎರಡರಲ್ಲಿ ಒಂದನ್ನು ತಡೆದು ಇನ್ನೊಂದನ್ನು ಬಿಡುವುದೇ ಪೋಲರೈಸ್ಡ್ ಗ್ಲಾಸಿನ ಕೆಲಸ. ಒದ್ದೆ ರಸ್ತೆ, ಕೆರೆಯ ನೀರಿನಿಂದ ಹೊಳೆಯುವ ಬೆಳಕು ಹೆಚ್ಚಾಗಿ ಎಡ-ಬಲ ಕಂಪಿಸುತ್ತದೆ, ಗ್ಲಾಸ್ ಅದನ್ನು ತಡೆಯುತ್ತದೆ. ಎಲ್‌ಸಿಡಿ ಪರದೆಯ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಾ ಬರುವುದರಿಂದ ಒಂದು ಕೋನದಲ್ಲಿ ಪೂರ್ತಿ ತಡೆಯಲ್ಪಟ್ಟು ಪರದೆ ಕಪ್ಪಾಗುತ್ತದೆ. ಕೆಲವು ಫೋನುಗಳಲ್ಲಿ ಇನ್ನೊಂದು ಪದರ ಇರುವುದರಿಂದ ಯಾವ ಕೋನದಲ್ಲೂ ಕಪ್ಪಾಗುವುದಿಲ್ಲ. ಅಂದರೆ ಕಪ್ಪಾಗದಿದ್ದರೆ ನಕಲಿ ಎನ್ನುವುದೂ ತಪ್ಪು.

ನೇರಳಾತೀತ ಕಿರಣ ತಡೆಯುವುದು ಬೇರೆಯೇ ಗುಣ. ಅದಕ್ಕೆ ಯುವಿ 400 ಎಂಬ ಗುರುತು ನೋಡಿ, ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ. ಅನುಮಾನವಿದ್ದರೆ ಕನ್ನಡಕದ ಅಂಗಡಿಯಲ್ಲಿ ಯುವಿ ಮೀಟರ್ ಇದೆಯೇ ಎಂದು ಕೇಳಿ ಪರೀಕ್ಷಿಸಿಸಿ. ಮತ್ತೆ ಗ್ರಹಣದ ದಿನ, ಗ್ಲಾಸ್ ಪೋಲರೈಸ್ಡ್ ಆಗಿರಲಿ ಇಲ್ಲದಿರಲಿ, ಅದರ ಮೂಲಕ ಸೂರ್ಯನನ್ನು ನೋಡಲೇಬೇಡಿ.