ಕೈ ಕುದುರುವುದು ನಿಜವೇ?

ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬ ಸತತ ಮೂರು ಸಲ ಚೆಂಡನ್ನು ಬುಟ್ಟಿಗೆ ಹಾಕಿದನೆಂದರೆ, ನಾಲ್ಕನೆಯ ಸಲವೂ ಜೊತೆಗಾರರು ಚೆಂಡನ್ನು ಅವನತ್ತಲೇ ದಾಟಿಸುತ್ತಾರೆ. ಅವನ ಕೈ ಕುದುರಿದೆ ಎಂಬ ನಂಬಿಕೆ. ಅಮೆರಿಕದಲ್ಲಿ ಇದಕ್ಕೆ ‘ಹಾಟ್ ಹ್ಯಾಂಡ್’ ಎಂದು ಹೆಸರು. ಈ ನಂಬಿಕೆಯನ್ನು ಒರೆಗೆ ಹಚ್ಚಲು ಹೊರಟ ಸಂಶೋಧಕರ ಲೆಕ್ಕದಲ್ಲೇ ಒಂದು ದೋಷ ಅಡಗಿತ್ತು. ಅದು ಬೆಳಕಿಗೆ ಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ನಾಣ್ಯದಂಥ ಆಟಗಾರ

ಅತಿ ಸರಳ ಮಾದರಿಯಲ್ಲಿ ಒಂದೊಂದು ಎಸೆತವೂ ನಾಣ್ಯ ಚಿಮ್ಮಿದಂತೆ. ಹಿಂದಿನದು ಬಿತ್ತೋ ತಪ್ಪಿತೋ, ಮುಂದಿನದಕ್ಕೆ ಅದರ ನೆನಪಿಲ್ಲ. ಹಾಗೆಂದು ಈ ಮಾದರಿಯಲ್ಲಿ ಸರಣಿಗಳು ಅಪರೂಪವೇನಲ್ಲ. ನಾಣ್ಯವನ್ನು 20 ಸಲ ಚಿಮ್ಮಿದರೆ ನಡುವೆ ಎಲ್ಲಾದರೂ ಸತತ ನಾಲ್ಕು ಹೆಡ್ ಬೀಳುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧ. ನೋಡುವವರಿಗೆ ನಾಣ್ಯಕ್ಕೇ ಹುರುಪು ಬಂದಂತೆ ಕಾಣುತ್ತದೆ, ಅಷ್ಟೆ.

1985ರ ತೀರ್ಪು

ಥಾಮಸ್ ಗಿಲೊವಿಚ್, ರಾಬರ್ಟ್ ವಲೋನ್, ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದ 1980–81ರ ಎಸೆತಗಳನ್ನು ಎಣಿಸಿದರು. ಸರಾಸರಿ ಯಶಸ್ಸು ಶೇ. 52. ಸತತ ಮೂರು ಬಿದ್ದ ಮೇಲೆ ಶೇ. 46, ಸತತ ಮೂರು ತಪ್ಪಿದ ಮೇಲೆ ಶೇ. 56! ಕೈ ಕುದುರುವುದಿರಲಿ, ತಣ್ಣಗಾದಂತೆ ಕಂಡಿತು. ಆದರೆ ಮೂರು ಹಾಕಿದವನನ್ನು ಎದುರಾಳಿಗಳು ಬಿಗಿಯಾಗಿ ಕಾಯುತ್ತಾರೆ, ಅವನೂ ಕಷ್ಟದ ಎಸೆತಕ್ಕೆ ಕೈ ಹಾಕುತ್ತಾನೆ. ಈ ತಕರಾರು ತಪ್ಪಿಸಲು, ಯಾರೂ ಅಡ್ಡ ಬಾರದ ಫ್ರೀ ಥ್ರೋಗಳನ್ನೂ ನೋಡಿದರು. ಬಾಸ್ಟನ್ ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಮೊದಲನೆಯದು ಬಿದ್ದಾಗ ಎರಡನೆಯದನ್ನು ಶೇ. 88, ತಪ್ಪಿದಾಗ ಶೇ. 91 ಸಲ ಹಾಕಿದ್ದ. ಕಾರ್ನೆಲ್ ವಿಶ್ವವಿದ್ಯಾಲಯದ 26 ಆಟಗಾರರಿಂದ ಎಸೆಸಿ ನೋಡಿದಾಗಲೂ ತೀರ್ಪು ಬದಲಾಗಲಿಲ್ಲ: ಹಾಟ್ ಹ್ಯಾಂಡ್ ಬರೀ ಭ್ರಮೆ. ಸೆಲ್ಟಿಕ್ಸ್ ತಂಡವನ್ನು ಕಟ್ಟಿ ಬೆಳೆಸಿದ ರೆಡ್ ಆವರ್‌ಬ್ಯಾಕ್ ಈ ಅಧ್ಯಯನವನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಪಾಠಪುಸ್ತಕಗಳು ಮಾತ್ರ ಹಾಕಿಕೊಂಡವು.

ಮೂರು ಚಿಮ್ಮಿನ ಲೆಕ್ಕ

ಈ ತೀರ್ಪಿನ ಲೆಕ್ಕದಲ್ಲಿ ಅಡಗಿದ್ದ ದೋಷವನ್ನು ಕಾಗದ ಹಿಡಿದು ಮಾಡಿ ನೋಡಬಹುದು. ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಎಂಟು ಬಗೆಯ ಸರಣಿಗಳು. ಪ್ರತಿ ಸರಣಿಯಲ್ಲೂ ಹೆಡ್‌ನ ಬೆನ್ನಿಗೆ ಬಂದ ಚಿಮ್ಮುಗಳಲ್ಲಿ ಎಷ್ಟು ಪಾಲು ಹೆಡ್ ಎಂದು ಬರೆದುಕೊಳ್ಳಿ. ಎರಡು ಸರಣಿಗಳಲ್ಲಿ ಹೆಡ್‌ನ ಬೆನ್ನಿಗೆ ಏನೂ ಬರುವುದಿಲ್ಲ; ಉಳಿದ ಆರರ ಸರಾಸರಿ ಅರ್ಧವಲ್ಲ, 5/12. ಮೂರೂ ಹೆಡ್ ಆದ ಸರಣಿಯಲ್ಲಿ ಅವಕಾಶ ಎರಡು, ‘ಹೆಡ್, ಟೇಲ್, ಟೇಲ್’ನಲ್ಲಿ ಒಂದೇ, ಸರಾಸರಿಯಲ್ಲಿ ಎರಡಕ್ಕೂ ಸಮಾನ ತೂಕ ಬೀಳುತ್ತದೆ. ಎಲ್ಲ ಅವಕಾಶಗಳನ್ನು ಒಂದೇ ರಾಶಿ ಹಾಕಿದರೆ ಎಂಟರಲ್ಲಿ ನಾಲ್ಕು, ಸರಿಯಾಗಿ ಅರ್ಧ.

ಜೋಶುವಾ ಮಿಲ್ಲರ್ ಮತ್ತು ಆಡಂ ಸಂಹೂರ್ಹೋ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಇದನ್ನು ವಿಸ್ತರಿಸಿ ತೋರಿಸಿದರು. ನೂರು ಎಸೆತಗಳ ಶೇ. 50 ಗುರಿಕಾರನ ದಾಖಲೆಯಲ್ಲಿ, ಕೈ ಕುದುರದಿದ್ದರೂ, ಮೂರು ಯಶಸ್ಸಿನ ಬೆನ್ನಿಗೆ ಸಿಗಬೇಕಾದ ಸರಾಸರಿ ಸುಮಾರು ಶೇ. 46 ಮಾತ್ರ. ಅಂದರೆ ಅಲ್ಲಿ ಶೇ. 50 ಸಿಕ್ಕಿದರೆ ಅದೇ ಕೈ ಕುದುರಿದ ಗುರುತು. ಈ ದೋಷ ತಿದ್ದಿದಾಗ ಕಾರ್ನೆಲ್ ಅಂಕಿಗಳೇ ತಿರುಗಿಬಿದ್ದವು.

ಬೆಂಚಿನ ಮೇಲಿನ ಕಷ್ಟ

ಆದರೂ ಕೋಚ್‌ಗೆ ಇದರಿಂದ ಹೆಚ್ಚೇನೂ ದಕ್ಕದು. ಒಂದು ಪಂದ್ಯದಲ್ಲಿ ಒಬ್ಬನಿಗೆ ಸಿಗುವುದು ಹದಿನೈದೋ ಇಪ್ಪತ್ತೋ ಎಸೆತ. ಅದರಲ್ಲಿ ಸತತ ಮೂರು ಬಿದ್ದ ಸಂದರ್ಭಗಳು ಬೆರಳೆಣಿಕೆಯಷ್ಟು. ಕುದುರಿದ ಕೈಯನ್ನು ಬರೀ ಅದೃಷ್ಟದಿಂದ ಬೇರ್ಪಡಿಸಲು ಬೇಕಾದಷ್ಟು ಅಂಕಿ ಕೂಡುವ ಹೊತ್ತಿಗೆ ಆ ಪಂದ್ಯವಷ್ಟೇ ಅಲ್ಲ, ಋತುವೇ ಮುಗಿದಿರುತ್ತದೆ.