ಕಾಗದ ಕೇಳಿದ ಧಣಿ

ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರ ಮಕ್ಕಳು, ಮೊಮ್ಮಕ್ಕಳು ನಾವು. ಕಾಗದ ಯಾರ ಪೆಟ್ಟಿಗೆಯಲ್ಲಿರುತ್ತೋ ಕಾನೂನು ಅವರ ಪಕ್ಕ ನಿಲ್ಲುತ್ತೆ ಅನ್ನೋದನ್ನ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಅದಕ್ಕೇ ಅಮೆರಿಕದ ಹೊಲಗಳಲ್ಲಿ ದುಡಿದ ಮೆಕ್ಸಿಕೋದ ಕೂಲಿಗಳ ಚರಿತ್ರೆ ನನಗೆ ದೂರದ ಕತೆ ಅನ್ನಿಸಲಿಲ್ಲ.

1942. ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಹೊಲಗಳಿಗೆ ಆಳು ಬೇಕಿತ್ತು. ಎರಡು ಸರ್ಕಾರಗಳೂ ಒಪ್ಪಂದ ಮಾಡಿಕೊಂಡು ಮೆಕ್ಸಿಕೋದಿಂದ ಕೂಲಿಗಳನ್ನು ತರಿಸಿದವು. ಅವರಿಗೆ ಇಟ್ಟ ಹೆಸರು 'ಬ್ರಸೆರೊ'. ಅಂದರೆ ತೋಳಿನಿಂದ ದುಡಿಯುವವನು. ತೋಳು ಬೇಕು, ಆ ತೋಳಿನ ಮನುಷ್ಯ ಬೇಡ! 1964ರ ಹೊತ್ತಿಗೆ ಇಂಥ ಸುಮಾರು 45 ಲಕ್ಷ ಕರಾರುಗಳಾದವು. ಗಡಿಯ ಕೇಂದ್ರಗಳಲ್ಲಿ ಇವರನ್ನು ಬೆತ್ತಲೆ ನಿಲ್ಲಿಸಿ ಮೈಮೇಲೆ ಡಿಡಿಟಿ ಪುಡಿ ಎರಚಿದರು. ಇದು ಕಾಗದ ಇದ್ದವರ ಪಾಡು. ಕಾಗದ ಇಲ್ಲದವರು ರಿಯೋ ಗ್ರಾಂಡೆ ಹೊಳೆ ದಾಟಿ ಬಂದರು. ಅವರ ಕೂಲಿ ಇನ್ನೂ ಕಮ್ಮಿ. ಜಮೀನ್ದಾರನಿಗೆ ಇನ್ನೇನು ಬೇಕು?

1952ರ ಕಾಯ್ದೆ ನೋಡಿ. ಕದ್ದು ಬಂದವನಿಗೆ ಆಶ್ರಯ ಕೊಡೋದು ಅಪರಾಧ. ಸರಿ. ಆದರೆ ಅವನಿಗೆ ಕೆಲಸ ಕೊಟ್ಟರೆ ಅದನ್ನು ಆಶ್ರಯ ಎಂದು ಎಣಿಸಬಾರದು ಅಂತ ಅದೇ ಕಾಯ್ದೆಯಲ್ಲಿ ಬರೆದರು. ಅಡಗಲು ಜಾಗ ಕೊಟ್ಟವನು ಅಪರಾಧಿ, ದುಡಿಸಿಕೊಂಡವನು ಅಲ್ಲ! ಟೆಕ್ಸಾಸಿನ ಜಮೀನ್ದಾರರಿಗಾಗಿ ಸೇರಿಸಿದ್ದರಿಂದ ಜನ ಇದನ್ನು 'ಟೆಕ್ಸಾಸ್ ವಿನಾಯಿತಿ' ಎಂದೇ ಕರೆದರು. ಎರಡೇ ವರ್ಷದಲ್ಲಿ, 1954ರಲ್ಲಿ, ಹೊಲ ಹೊಲಕ್ಕೂ ನುಗ್ಗಿ ಕೂಲಿಗಳನ್ನು ಹಿಡಿದು ಲಾರಿ, ರೈಲು, ಹಡಗುಗಳಲ್ಲಿ ತುಂಬಿ ಕಳಿಸಿದರು.

ಧಣಿಯನ್ನೂ ಹಿಡೀರಿ ಅಂತ ಕೂಗೆದ್ದಿತು. ಎಎಫ್‌ಎಲ್-ಸಿಐಓ ಎಂಬ ಕಾರ್ಮಿಕ ಸಂಘಗಳ ದೊಡ್ಡ ಒಕ್ಕೂಟವೇ ಕೇಳಿತು. 1986ರ ನವೆಂಬರಿನಲ್ಲಿ ಅಧ್ಯಕ್ಷ ರೇಗನ್ ಹೊಸ ಕಾಯ್ದೆಗೆ ಸಹಿ ಹಾಕಿದ. ಮೊದಲೇ ಬಂದು ನೆಲೆಸಿದ್ದ ಸುಮಾರು 27 ಲಕ್ಷ ಜನರಿಗೆ ಅದರಿಂದ ಕಾಗದ ಸಿಕ್ಕಿತು. ಇದು ಸಣ್ಣ ಮಾತಲ್ಲ. ಜತೆಗೆ ಮಾಲೀಕನಿಗೊಂದು ಕರ್ತವ್ಯವೂ ಬಂತು. ಕೆಲಸಕ್ಕೆ ಸೇರಿದವನು ಯಾರೇ ಆಗಲಿ, ಮೂರು ಕೆಲಸದ ದಿನಗಳಲ್ಲಿ ಅವನ ದಾಖಲೆ ನೋಡಿ 'ಐ-9' ಎಂಬ ಅರ್ಜಿ ತುಂಬಬೇಕು.

ಆದರೆ ಗಂಟು ಇರೋದೇ ಇಲ್ಲಿ. ದಾಖಲೆ ಮೇಲುನೋಟಕ್ಕೆ ಅಸಲಿ ಅನ್ನಿಸಿದರೆ ಸಾಕು, ಮಾಲೀಕ ಪಾರು. ಅವನು 'ತಿಳಿದೂ' ಕೆಲಸ ಕೊಟ್ಟ ಅಂತ ಸರ್ಕಾರವೇ ಸಾಬೀತು ಮಾಡಬೇಕು. ಕೂಲಿ ಖೋಟಾ ಚೀಟಿ ತಂದ, ಧಣಿ ಒಂದು ಸಲ ನೋಡಿ ಫೈಲಿಗೆ ಸೇರಿಸಿದ. ಸಿಕ್ಕಿಬಿದ್ದಾಗ ಕೆಲಸ ಹೋದದ್ದು, ಊರು ಬಿಟ್ಟದ್ದು ಕೂಲಿಯವನು. ದಂಡದ ಹೆದರಿಕೆಯಿಂದ ಕೆಲವು ಮಾಲೀಕರು ಚರ್ಮದ ಬಣ್ಣ, ಮಾತಿನ ಧಾಟಿ ನೋಡಿಯೇ ಬಾಗಿಲು ಹಾಕಿದರು. ಕಾಗದ ನೆಟ್ಟಗಿದ್ದವರಿಗೂ ಕೆಲಸ ಸಿಗಲಿಲ್ಲ. ತಾರತಮ್ಯ ವ್ಯಾಪಕವಾಗಿದೆ ಎಂದು 1990ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ ವರದಿ ಕೊಟ್ಟಿತು.

ಇನ್ನು ಹಾಫ್‌ಮನ್ ಪ್ಲಾಸ್ಟಿಕ್ ಮೊಕದ್ದಮೆ. ಕ್ಯಾಲಿಫೋರ್ನಿಯಾದ ಆ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಗೆಳೆಯನ ಜನನಪತ್ರ ತೋರಿಸಿ ಕೆಲಸಕ್ಕೆ ಸೇರಿದ್ದ. ಸಂಘ ಕಟ್ಟೋದಕ್ಕೆ ಬೆಂಬಲ ಕೊಟ್ಟ ಅಂತ 1989ರಲ್ಲಿ ಅವನನ್ನು ತೆಗೆದುಹಾಕಿದರು. ಹಾಗೆ ತೆಗೆದದ್ದು ಕಾನೂನುಬಾಹಿರ, ಯಾರೂ ಅಲ್ಲಗಳೆಯಲಿಲ್ಲ. ಆದರೂ 2002ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತರಲ್ಲಿ ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು: ಕಾಗದ ಸುಳ್ಳು, ಆದ್ದರಿಂದ ಬಾಕಿ ವೇತನ ಇಲ್ಲ. ಮಾಲೀಕನ ಸುಮಾರು 67 ಸಾವಿರ ಡಾಲರ್ ಉಳಿಯಿತು. ಧಣಿಯ ಮೂಗಿಗೆ ಹಾಕಿದ ದಾರ ಸುತ್ತಿ ಸುತ್ತಿ ಕೂಲಿಯ ಕೊರಳಿಗೇ ಬಂತು.

ಕಾಯ್ದೆ ಕೇಳಿದ್ದ ಎಎಫ್‌ಎಲ್-ಸಿಐಓಗೆ ಇದು ಮೊದಲೇ ಅರ್ಥವಾಗಿತ್ತು. 2000ದಲ್ಲಿ ಅದೇ ಒಕ್ಕೂಟ, ಮಾಲೀಕರ ಮೇಲಿನ ಆ ದಂಡದ ಕ್ರಮ ರದ್ದಾಗಲಿ ಎಂದಿತು. ತಪ್ಪು ಒಪ್ಪಿಕೊಳ್ಳಲು ಹದಿನಾಲ್ಕು ವರ್ಷ ಬೇಕಾಯಿತು.

ಗೆಳೆಯರೇ, ಧಣಿಗಳಿಗೆ ಮೂಗುದಾರ ಹಾಕುವ ಕಾನೂನು ಬರುತ್ತೆ ಅಂದಾಗ ನಾವೂ ಚಪ್ಪಾಳೆ ತಟ್ಟುತ್ತೇವೆ. ತಟ್ಟೋಣ. ಆದರೆ ಅದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳೋಣ: ಕಾಗದ ತಪ್ಪಾದ ದಿನ ಯಾರ ಅನ್ನ ಹೋಗುತ್ತೆ?